ಅರ್ಧದ ಅರ್ಧ

ಮುಂಬಯಿ
೧೧ ಜುಲೈ ೧೯೭೮

ತೀರ್ಥರೂಪ ಅಪ್ಪನಿಗೆ ವಿಮಲಾಳ ನಮಸ್ಕಾರ.

ಔಷಧ ಕುಡಿದು ಮೂರು ದಿನವಾಯಿತು. ಮಿರಜಿನಲ್ಲಿ ಕತ್ತಿನ ಗಂಟು ಕೊಯ್ದು ತೆಗೆದಾಗ ಆದ ನೋವಿನ ಮುಂದೆ ಇದು ಏನೂ ಅಲ್ಲ. ರುಚಿಯೂ ಇಲ್ಲ, ಬರೀ ನೀರಿನ ಹಾಗೆ. ಸೀಸದ ದಪ್ಪ ಡಬ್ಬಿಯೊಳಗೆ ಗಾಜಿನ ಸಣ್ಣ ಬಾಟಲಿ, ಅದಕ್ಕೊಂದು ನಳಿಕೆ. ತಂದುಕೊಟ್ಟ ನರ್ಸು ನಾನು ಹೀರಿ ಮುಗಿಸುವಷ್ಟರಲ್ಲಿ ಬಾಗಿಲ ಹೊರಗೆ ಹೋಗಿ ನಿಂತಿದ್ದಳು. ಆಮೇಲೆ ಯಾರೂ ಹತ್ತಿರ ಬಂದಿಲ್ಲ. ಊಟದ ತಟ್ಟೆ ಹೊಸ್ತಿಲ ಬಳಿ ಬರುತ್ತದೆ. ಡಾಕ್ಟರು ದಿನಕ್ಕೊಮ್ಮೆ ಬಂದು, ನೆಲದ ಮೇಲೆ ಎಳೆದ ಕೆಂಪು ಗೆರೆಯ ಆಚೆ ನಿಂತು, ಒಂದು ಯಂತ್ರವನ್ನು ನನ್ನ ಕಡೆ ಹಿಡಿದು ಅಂಕಿ ಬರೆದುಕೊಂಡು ಹೋಗುತ್ತಾರೆ. ಈ ಕಾಗದವನ್ನೂ ಯಂತ್ರಕ್ಕೆ ತೋರಿಸಿಯೇ ಹೊರಗೆ ಬಿಡುತ್ತಾರಂತೆ.

ಔಷಧಕ್ಕೆ ಮೊದಲು, ಅದರದೇ ಒಂದು ಸಣ್ಣ ಗುಟುಕು ಕೊಟ್ಟು ಚಿತ್ರ ತೆಗೆದರು. ಎಕ್ಸ್‌ರೇ ಅಲ್ಲ. ಯಂತ್ರದ ತೋಳೊಂದು ನನ್ನ ಕತ್ತಿನ ಮೇಲೆ ಆಚೆ ಈಚೆ ಹರಿದಾಡಿತು, ಪಕ್ಕದಲ್ಲಿ ಕಾಗದದ ಮೇಲೆ ಚುಕ್ಕೆ ಬೀಳುತ್ತ ಹೋದವು. ಚುಕ್ಕೆ ಒತ್ತಾಗಿರುವಲ್ಲಿ ರೋಗ ಉಳಿದಿದೆಯಂತೆ. ನನ್ನ ಕಾಗದದಲ್ಲಿ ಕತ್ತಿನ ಬಲಕ್ಕೆ ಒಂದೇ ಕಡೆ ಒತ್ತಾಗಿತ್ತು.

ನಿಮ್ಮ ಅಳಿಯ ಹತ್ತಿರದ ಧರ್ಮಶಾಲೆಯಲ್ಲಿದ್ದಾರೆ. ನರಹರಿಗೆ ಈಗ ಎಂಟು ತಿಂಗಳು. ಇನ್ನು ಮೊಲೆ ಕುಡಿಸಲೇಬಾರದು ಅಂದಿದ್ದರಿಂದ ಕೂಸನ್ನು ಲಕ್ಷ್ಮೇಶ್ವರದಲ್ಲೇ ಅತ್ತೆಯವರ ಕೈಗೆ ಕೊಟ್ಟು ಬಂದೆ. ಹಾಲಿಗೆ ಅದು ತಿಳಿಯಲಿಲ್ಲ. ರೈಲಿನಲ್ಲಿ ಸೀರೆ ಬದಲಿಸಿ ಬದಲಿಸಿ ಸಾಕಾಯಿತು.

ಒಂದು ಉಪಕಾರ ಮಾಡಿ. ಪಿಯುಸಿಯಲ್ಲಿ ಕಲಿಸಿದ ಹಾಗೆ, ನನ್ನೊಳಗೆ ಈಗ ಏನು ನಡೆದಿದೆ ಅಂತ ಬರೆದು ಕಳಿಸಿ. ನಿಮ್ಮ ಕ್ಲಾಸಿನಲ್ಲೇ ಕೂತಿದ್ದೇನೆ ಅಂದುಕೊಳ್ಳಿ. ಹೆದರಿಕೆ ಸ್ವಲ್ಪ ಕಡಿಮೆಯಾಗುತ್ತದೆ.

ನಿಮ್ಮ ಮಗಳು
ವಿಮಲಾ


ಗದಗ
೧೭ ಜುಲೈ ೧೯೭೮

ಚಿರಂಜೀವಿ ವಿಮಲಾಗೆ,

ನಿನ್ನ ಕಾಗದ ಕೈಗೆ ಬಂದ ದಿನ ನಾನು ಪಿಯುಸಿ ಹುಡುಗರಿಗೆ ಇದೇ ಪಾಠ ಹೇಳುತ್ತಿದ್ದೆ. ಹಾಗಾಗಿ ಅದನ್ನೇ ಬರೆಯುತ್ತೇನೆ.

ಪರಮಾಣುವಿನ ನಡುವೆ ಬೀಜ, ಬೀಜದೊಳಗೆ ಪ್ರೋಟಾನು ಮತ್ತು ನ್ಯೂಟ್ರಾನು. ಸಾದಾ ಅಯೋಡಿನ್ನಿಗೂ ನೀನು ಕುಡಿದ ವಿಕಿರಣ ಸೂಸುವ ಅಯೋಡಿನ್ನಿಗೂ ಪ್ರೋಟಾನು ಅಷ್ಟೇ, ಐವತ್ತಮೂರು. ನಿನ್ನದರಲ್ಲಿ ನ್ಯೂಟ್ರಾನು ಮಾತ್ರ ನಾಲ್ಕು ಹೆಚ್ಚು. ಆ ಹೆಚ್ಚಳವನ್ನು ಬೀಜ ತಾಳಲಾರದು. ಒಂದು ನ್ಯೂಟ್ರಾನು ಪ್ರೋಟಾನಾಗಿ ಬದಲಾಗುತ್ತದೆ, ಒಂದು ಎಲೆಕ್ಟ್ರಾನು ಹೊರಗೆ ಹಾರುತ್ತದೆ. ಅದೇ ಬೀಟಾ. ಮಾಂಸದೊಳಗೆ ಅದು ಒಂದೆರಡು ಮಿಲಿಮೀಟರು ಹೋದರೆ ಹೆಚ್ಚು. ಥೈರಾಯ್ಡಿನ ಜೀವಕೋಶಗಳು ಅಯೋಡಿನ್ನನ್ನು ತಾವೇ ಹುಡುಕಿ ಎಳೆದುಕೊಳ್ಳುತ್ತವೆ, ಹಾಗಾಗಿ ಸುಡುವ ಕೆಲಸವೂ ಅಲ್ಲಲ್ಲೇ ಆಗುತ್ತದೆ. ಬೀಟಾದ ಬೆನ್ನಿಗೆ ಗಾಮಾ ಕಿರಣ. ಅದು ಮೈಯನ್ನು ದಾಟಿ ಹೊರಗೆ ಬರುತ್ತದೆ. ನೀನು ಕಂಡ ಚುಕ್ಕೆಗಳು ಅದರವು. ಎಕ್ಸ್‌ರೇಯಲ್ಲಿ ದೀಪ ಹೊರಗಿದ್ದು ಮೈಯ ನೆರಳು ಫಿಲ್ಮಿನ ಮೇಲೆ ಬೀಳುತ್ತದೆ. ಇಲ್ಲಿ ದೀಪವೇ ಒಳಗಿದೆ. ಈ ವ್ಯತ್ಯಾಸ ಬರೆಯಿರಿ ಅಂತ ಪರೀಕ್ಷೆಯಲ್ಲಿ ತಪ್ಪದೆ ಕೇಳುತ್ತಾರೆ.

ಇನ್ನು ಅರ್ಧಾಯು. ಈ ಅಯೋಡಿನ್ನಿಗೆ ಎಂಟು ದಿನ. ಎಂಟು ದಿನಕ್ಕೆ ಅರ್ಧ ಉಳಿಯುತ್ತದೆ, ಮತ್ತೆ ಎಂಟು ದಿನಕ್ಕೆ ಅರ್ಧದ ಅರ್ಧ. ಅದಕ್ಕಿಂತ ಮೊದಲೇ ಬಹಳಷ್ಟು ಮೂತ್ರದಲ್ಲಿ ಹೋಗಿಬಿಡುತ್ತದೆ. ನೀರು ಚೆನ್ನಾಗಿ ಕುಡಿ. ಡಾಕ್ಟರು ಹೇಳಿದ ಮೂರು ವಾರ ಕೂಸನ್ನು ಎತ್ತಿಕೊಳ್ಳಬೇಡ. ಆಮೇಲೆ ಬೇಕಾದಷ್ಟು ಎತ್ತಿಕೋ.

ಇದನ್ನೆಲ್ಲ ನಿಮ್ಮವ್ವನಿಗೂ ಓದಿ ಹೇಳಿದೆ. "ಅಂದ್ರ ಆಕಿ ಮೈಯಾಗ ದೀಪಾ ಹಚ್ಯಾರೇನು?" ಅಂದಳು. ಹೌದು ಅಂದೆ. "ಅದು ಆರಿದ ಮ್ಯಾಲೆ ನನಗ ಹೇಳ್ರಿ" ಅಂದು ಒಳಗೆ ಹೋದಳು.

ನಿನ್ನ ಅಪ್ಪ
ರಾಮಚಂದ್ರ


ಲಕ್ಷ್ಮೇಶ್ವರ
೨೦ ಆಗಸ್ಟ್ ೧೯೭೮

ಅಪ್ಪಾ,

ಊರಿಗೆ ಬಂದು ಮೂರು ವಾರ ದಾಟಿತು. ನಾನಿನ್ನೂ ಹೊರಕೋಣೆಯಲ್ಲೇ ಇದ್ದೇನೆ, ತಿಂಗಳ ಮೂರು ದಿನ ದೂರ ಕೂಡುವ ಅದೇ ಕೋಣೆಯಲ್ಲಿ. ನನ್ನ ತಟ್ಟೆ ಬೇರೆ, ತಂಬಿಗೆ ಬೇರೆ, ಬಟ್ಟೆ ಒಗೆಯುವ ಕಲ್ಲು ಬೇರೆ. ಡಾಕ್ಟರು ಹೇಳಿದ್ದಕ್ಕಿಂತ ಅಚ್ಚುಕಟ್ಟಾಗಿ ಈ ಮನೆಯಲ್ಲಿ ಎಲ್ಲವೂ ನಡೆಯಿತು. ಮಡಿ ಮೈಲಿಗೆ ನೋಡಿಕೊಂಡು ಬಂದವರಿಗೆ ಅದೇನೂ ಕಷ್ಟವಾಗಲಿಲ್ಲ.

ಆದರೆ ಅದು ಮುಗಿಯುವುದು ಯಾವಾಗ ಎಂಬುದೇ ಅತ್ತೆಯವರಿಗೆ ಗೊತ್ತಾಗುತ್ತಿಲ್ಲ. ನಿನ್ನೆ ಹೊಸ್ತಿಲ ಹತ್ತಿರ ಕೂತು ಕೇಳಿದರು. "ಸೂತಕಕ್ಕ ಹತ್ತು ದಿನ ಅಂತ ಶಾಸ್ತ್ರದಾಗ ಅದ. ಇದಕ್ಕ ಎಷ್ಟು ಅಂತ ಯಾವ ಶಾಸ್ತ್ರದಾಗ ಅದ, ಹೇಳು."

"ದಿನಾ ಮುಗದಾವ ಅತ್ತ್ಯಾ. ಡಾಕ್ಟರ್ ಹೇಳ್ಯಾರ" ಅಂದೆ.

"ನಿನಗ ಹೇಳ್ಯಾರ. ನನಗ ಹೇಳಿಲ್ಲ. ನಿಮ್ಮಪ್ಪಗ ಇದೆಲ್ಲಾ ತಿಳೀತದಲ್ಲಾ, ಅವರು ಬರದು ಕಳಸಲಿ. ಅವರ ಮಾತು ನಾ ಕೇಳತೀನಿ."

ಅವರು ಕೆಟ್ಟವರಲ್ಲ. ಕೂಸನ್ನು ಕಣ್ಣಿನಲ್ಲಿ ಕಣ್ಣಿಟ್ಟು ನೋಡಿಕೊಳ್ಳುತ್ತಾರೆ. ಇವರು ಮುಂಜಾನೆ ಗುಡಿಯ ಪೂಜೆ ಮುಗಿಸಿ ಶಿರಹಟ್ಟಿಯ ಕಚೇರಿಗೆ ಹೋದರೆ ಬರುವುದು ಸಂಜೆಗೇ. ಅವ್ವನ ಎದುರು ಮಾತನಾಡುವ ಸ್ವಭಾವ ಇವರದಲ್ಲ.

ಪೂರ್ತಿ ಹೋಗಿದೆ ಎಂದು ಎರಡು ಸಾಲು ಬರೆಯಿರಿ. ಎರಡೇ ಸಾಲು ಸಾಕು.

ವಿಮಲಾ


ಗದಗ
೨೬ ಆಗಸ್ಟ್ ೧೯೭೮

ಬೀಗಿತಿ ಸುಂದರಾಬಾಯಿಯವರಿಗೆ ರಾಮಚಂದ್ರನ ಸಾದರ ನಮಸ್ಕಾರಗಳು.

ತಾವು ನನ್ನ ಮಾತಿಗೆ ಬೆಲೆ ಕೊಡುತ್ತೀರೆಂದು ವಿಮಲಾ ಬರೆದಿದ್ದಾಳೆ. ಆದ್ದರಿಂದ ಇದ್ದದ್ದನ್ನು ಇದ್ದ ಹಾಗೆ ತಿಳಿಸುತ್ತೇನೆ. ಅವಳು ಸೇವಿಸಿದ ವಸ್ತು ಎಂಟು ದಿನಕ್ಕೊಮ್ಮೆ ಅರ್ಧಕ್ಕೆ ಇಳಿಯುತ್ತ ಹೋಗುತ್ತದೆ. ಶಾಸ್ತ್ರದ ಪ್ರಕಾರ ಹೇಳುವುದಾದರೆ ಅದು ಎಂದಿಗೂ ಪೂರ್ಣ ಸೊನ್ನೆಯಾಗುವುದಿಲ್ಲ. ಆದರೆ ಉಳಿದಿರುವ ಅಂಶ ಇಷ್ಟು ಅಲ್ಪವೆಂದರೆ ಅದರಿಂದ ಕೂಸಿಗಾಗಲಿ ಮನೆಯವರಿಗಾಗಲಿ ಯಾವ ಅಪಾಯವೂ ಇಲ್ಲ. ತಾವು ನಿಶ್ಚಿಂತೆಯಿಂದ ಅವಳನ್ನು ಒಳಗೆ ಕರೆದುಕೊಳ್ಳಬಹುದು.

ತಮ್ಮ ವಿಶ್ವಾಸಿ
ರಾಮಚಂದ್ರ


ಲಕ್ಷ್ಮೇಶ್ವರ
೩೦ ಸೆಪ್ಟೆಂಬರ್ ೧೯೭೮

ಅಪ್ಪಾ,

ಇಷ್ಟು ದಿನ ಬರೆಯಲು ಕೈ ಬರಲಿಲ್ಲ.

ನಿಮ್ಮ ಕಾಗದವನ್ನು ಇವರು ಪಡಸಾಲೆಯಲ್ಲಿ ಕೂತು ಗಟ್ಟಿಯಾಗಿ ಓದಿದರು. ಎಂದಿಗೂ ಸೊನ್ನೆಯಾಗುವುದಿಲ್ಲ ಎಂಬಲ್ಲಿಗೆ ಬಂದಾಗ ಮುಂದಿನ ಸಾಲಿಗೆ ಹಾರಬೇಕೆಂದು ನೋಡಿದರು. ಅತ್ತೆಯವರು ಬಿಡಲಿಲ್ಲ. "ಯಾಕ ತಡವರಸ್ತೀ? ಅಲ್ಲೆ ಏನದ, ಅದನ್ನ ಓದು" ಅಂದರು. ಓದಿದರು. ಆಮೇಲಿನ ಸಾಲುಗಳನ್ನು ಅವರು ಕೇಳಿಸಿಕೊಳ್ಳಲಿಲ್ಲ.

ನಿಮ್ಮ ಮೇಲೆ ಅವರಿಗೆ ಬಹಳ ಗೌರವ ಬಂದಿದೆ. ಸ್ವಂತ ಮಗಳ ಸಲುವಾಗಿಯೂ ಸುಳ್ಳು ಹೇಳದ ಮನುಷ್ಯ ಅಂತ ಬಂದವರೆದುರು ಹೇಳುತ್ತಾರೆ.

ನಾನು ಅಳುತ್ತ ಕೂತಿದ್ದಾಗ ಬಂದು ದೂರ ನಿಂತರು. "ವಿಮಲಾ, ನಾ ಮೂರು ಕೂಸು ಮಣ್ಣಿಗೆ ಕೊಟ್ಟಾಕಿ. ಮೂರೂ ಸಲ, ಏನೂ ಆಗೂದಿಲ್ಲ ಅಂತನಽ ಎಲ್ಲಾರೂ ಹೇಳಿದ್ರು. ನನಗ ಸ್ವಲ್ಪ, ಅಲ್ಪ ಅಂತ ಲೆಕ್ಕಾ ಹೇಳಬ್ಯಾಡ. ಅದ ಅಂದ್ರ ಅದ, ಇಲ್ಲ ಅಂದ್ರ ಇಲ್ಲ" ಅಂದರು. ಅವರ ಕಣ್ಣಲ್ಲೂ ನೀರಿತ್ತು.

ನರಹರಿ ಕಂಬ ಹಿಡಿದು ನಿಲ್ಲುತ್ತಾನೆ. ಮೊನ್ನೆ ಮಾತು ಬಂತು. ಅತ್ತೆಯವರನ್ನು ಅವ್ವಾ ಅಂದ.

ವಿಮಲಾ


ಗದಗ
೪ ಡಿಸೆಂಬರ್ ೧೯೭೮

ವಿಮಲಾ,

ನಿನ್ನೆ ನಾನು ನಿಮ್ಮಲ್ಲಿಗೆ ಬಂದಾಗ ನೀನು ಹೊರಕೋಣೆಯಲ್ಲಿ ಕೂತು ಕೇಳಿದ್ದು ಟಿಕ್ ಟಿಕ್ ಸದ್ದು ಮಾತ್ರ ಇರಬೇಕು. ಒಳಗೆ ನಡೆದದ್ದನ್ನು ಹೇಳದೆ, ನಿನ್ನ ಮುಖವನ್ನೂ ಸರಿಯಾಗಿ ನೋಡದೆ ಬಸ್ಸಿಗೆ ಹೊರಟುಬಿಟ್ಟೆ.

ವಿಕಿರಣ ಅಳೆಯುವ ಆ ಗೈಗರ್ ಕೌಂಟರ್ ಕಾಲೇಜಿನದು. ಪ್ರಿನ್ಸಿಪಾಲರ ಅಪ್ಪಣೆ ಪಡೆದು ತಂದಿದ್ದೆ. ಲ್ಯಾಬಿನ ಜವಾನ ಮರ್ದಾನಸಾಬ, ಪೆಟ್ಟಿಗೆ ಭಾರ ಅಂತ ತಾನೂ ಜೊತೆಗೆ ಬಂದ. ಮಾಗಡಿಯಲ್ಲಿ ಬಸ್ಸು ಕೆಟ್ಟು ನಿಂತಿತು. ಕೆರೆಯ ತುಂಬ ಹಕ್ಕಿ ಇಳಿದಿದ್ದವು. ಅವನ್ನು ನೋಡುತ್ತ ನಾನು ಮನಸ್ಸಿನಲ್ಲೇ ಪಾಠ ಜೋಡಿಸಿಕೊಂಡೆ. ಅಡಿಗೆಮನೆಯಲ್ಲಿ ಅಳೆಯುವುದು, ದೇವರ ಮನೆಯಲ್ಲಿ ಅಳೆಯುವುದು, ಆಮೇಲೆ ನಿನ್ನ ಪಕ್ಕ ಹಿಡಿದು ಅಳೆಯುವುದು. ಅಂಕಿ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ ಬರುತ್ತದೆ. ಕಣ್ಣಾರೆ ಕಂಡ ಮೇಲೆ ಯಾರು ಏನು ಹೇಳಲು ಸಾಧ್ಯ?

ಅಳಿಯ ರಾಘವೇಂದ್ರ ಬಲ್ಬು ತೆಗೆದು ಹೋಲ್ಡರಿನಿಂದ ವಾಯರ್ ಜೋಡಿಸಿಕೊಟ್ಟ. ಗುಂಡಿ ತಿರುಗಿಸಿದೆ. ವೋಲ್ಟೇಜು ಏರಿದ ಕೂಡಲೇ ಟಿಕ್ ಅಂದಿತು.

"ಇದೇನು?" ಅಂದರು ನಿನ್ನ ಅತ್ತೆ.

"ಇದು ಎಲ್ಲಾ ಕಡೆ ಇರೂದ್ರಿ. ಆಕಾಶದಿಂದ ಬರ್ತದ, ಮಣ್ಣೊಳಗ ಅದ, ನಮ್ಮ ನಿಮ್ಮ ಮೈಯೊಳಗೂ ಅದ."

"ಆಕಿ ಹೊರಗ ಇದ್ದಾಳ. ಇದು ಒಳಗ ಬಡಕೋತದ. ಅಂದ್ರ ಒಳಗೂ ಬಂತು ಅಂದಂಗಾತು."

"ಇಲ್ರಿ. ಆಕಿ ಹುಟ್ಟೂಕಿಂತ ಮೊದಲಽ ಇತ್ತು ಇದು."

ಅದನ್ನು ತೋರಿಸಲು ದೇವರ ಮನೆಯ ಹೊಸ್ತಿಲ ತನಕ ಯಂತ್ರದ ನಳಿಕೆಯನ್ನು ಹಿಡಿದುಕೊಂಡು ಹೋದೆ. ಆ ಹೊಸ್ತಿಲು ದೊಡ್ಡ ಗ್ರಾನೈಟ್ ಕಲ್ಲು. ಗ್ರಾನೈಟಿನಲ್ಲಿ ಯುರೇನಿಯಂ, ಥೋರಿಯಂ ಅಂಶ ತುಸು ಇರುತ್ತದೆಂದು ಪ್ರತಿ ವರ್ಷ ಹೇಳುವವನು ನಾನೇ. ಅದು ನೆನಪಾಗುವಷ್ಟರಲ್ಲಿ ಸದ್ದು ಒತ್ತಾಗಿತ್ತು. "ಕಲ್ಲಿನ್ಯಾಗ ಸ್ವಲ್ಪ ಹೆಚ್ಚ ಇರ್ತದ್ರಿ" ಅಂದೆ. ಅವರು ನನ್ನನ್ನು ನೋಡಿದರು, ಒಳಗೆ ದೇವರನ್ನು ನೋಡಿದರು. "ನಮ್ಮ ದೇವರೂ ಕಲ್ಲಿನವಽ ಅವ, ಬೀಗರ" ಅಂದರು. ನಳಿಕೆಯನ್ನು ಹಿಂದಕ್ಕೆಳೆದುಕೊಂಡು ಪೆಟ್ಟಿಗೆಯ ಹತ್ತಿರ ಬಂದು ಕೂತೆ.

ಆಮೇಲೆ ಬಹಳ ಮೆತ್ತಗೆ ಒಂದು ಮಾತು ಹೇಳಿದರು. "ನೀವು ಖರೆ ಮಾತಾಡೋರು. ನಾನೂ ಖರೇನಽ ಹೇಳತೀನಿ. ಈ ಯಂತ್ರ ಎಂದ ಸುಮ್ಮನಾಗ್ತದ, ಅಂದ ಆಕಿನ್ನ ಒಳಗ ಕರಕೋತೀನಿ. ನಾನಽ ಆರತಿ ಮಾಡಿ ಕರಕೋತೀನಿ."

ನನ್ನ ಬೆರಳು ಗುಂಡಿಯ ಮೇಲೆಯೇ ಇತ್ತು. ವೋಲ್ಟೇಜು ಇಳಿಸಿದರೆ ನಳಿಕೆ ಕುರುಡಾಗುತ್ತದೆ, ಸದ್ದು ನಿಲ್ಲುತ್ತದೆ. ಅಲ್ಲಿದ್ದ ಯಾರಿಗೂ ತಿಳಿಯುತ್ತಿರಲಿಲ್ಲ.

"ಇದು ಎಂದೂ ಸುಮ್ಮನಾಗೂದಿಲ್ರಿ" ಅಂದೆ.

ಗದಗಿಗೆ ಬಂದುಬಿಡು, ಮಗಳೇ. ನಿಮ್ಮವ್ವ ಹಾಸಿಗೆ ಬಿಸಿಲಿಗೆ ಹಾಕಿದ್ದಾಳೆ.

ಅಪ್ಪ


ಲಕ್ಷ್ಮೇಶ್ವರ
೧೨ ಡಿಸೆಂಬರ್ ೧೯೭೮

ಅಪ್ಪಾ,

ಗುಂಡಿ ತಿರುಗಿಸಬೇಕಿತ್ತು.

ನಾನು ಶಾಲೆಯ ಹುಡುಗಿಯಾಗಿದ್ದಾಗ ಲ್ಯಾಬಿಗೆ ಕರೆದುಕೊಂಡು ಹೋಗಿ ನೀವೇ ತೋರಿಸಿದ್ದಿರಿ, ಎಷ್ಟಕ್ಕೆ ಇಳಿಸಿದರೆ ಅದು ಸುಮ್ಮನಾಗುತ್ತದೆ ಅಂತ. ಅತ್ತೆಯವರ ಮಾತು ನನಗೂ ಕೇಳಿಸಿತು. ಗೋಡೆಯ ಈಚೆ ಕೂತು, ಈಗ ಇಳಿಸುತ್ತಾರೆ, ಈಗ ಇಳಿಸುತ್ತಾರೆ ಅಂತ ಕಾದೆ. ಎದ್ದು ಸೆರಗು ಕೂಡ ಸರಿ ಮಾಡಿಕೊಂಡಿದ್ದೆ.

ನಿಮ್ಮ ಮೇಲೆ ಸಿಟ್ಟಿಲ್ಲ. ಸಿಟ್ಟು ಮಾಡಲೂ ಮೈಯಲ್ಲಿ ಏನಾದರೂ ಇರಬೇಕು.

ಮರ್ದಾನಸಾಬರು ಅಷ್ಟು ಹೊತ್ತೂ ಹೊರಗಿನ ಕಟ್ಟೆಯ ಮೇಲೆ ಕೂತಿದ್ದರು. "ಬೇಟಿ, ಬಾಯಿ ಆರೇತಿ, ಒಂದ ತಂಬಿಗಿ ನೀರು ಕೊಡವಾ" ಅಂದರು. "ಇದು ನನ್ನ ತಂಬಿಗಿ ಅದ. ತಡೀರಿ, ಒಳಗಿಂದ ತರಸ್ತೀನಿ" ಅಂದೆ. "ಒಳಗಿನ ತಂಬಿಗಿ ನನಗೂ ಕೊಡಂಗಿಲ್ಲವಾ. ನಿಂದಽ ಕೊಡು" ಅಂದರು. ಪೂರ್ತಿ ಕುಡಿದು, ತಂಬಿಗೆ ತೊಳೆದು ಬೋರಲು ಹಾಕಿದರು. ಮುಂಬಯಿಯಿಂದ ಬಂದ ಮೇಲೆ ನನ್ನ ಕೈಯಿಂದ ಏನಾದರೂ ತೆಗೆದುಕೊಂಡವರು ಅವರೊಬ್ಬರೇ.

ಗದಗಿಗೆ ಬರುವುದಿಲ್ಲ. ಇಲ್ಲಿ ಮುಟ್ಟದಿದ್ದರೂ ನರಹರಿಯ ದನಿ ಕೇಳುತ್ತದೆ. ಅಲ್ಲಿಗೆ ಬಂದರೆ ಅದೂ ಹೋಗುತ್ತದೆ.

ವಿಮಲಾ


ಗದಗ
೧೯ ಫೆಬ್ರುವರಿ ೧೯೭೯

ವಿಮಲಾ,

ಆರು ತಿಂಗಳಿಗೆ ಮತ್ತೆ ಚಿತ್ರ ತೆಗೆಸಬೇಕೆಂದು ಡಾಕ್ಟರು ಹೇಳಿದ್ದರು. ಜನವರಿಯೇ ದಾಟಿತು. ನಾನೇ ರಜೆ ಹಾಕಿ ಮುಂಬಯಿಗೆ ಕರೆದುಕೊಂಡು ಹೋಗುತ್ತೇನೆ. ಈ ಸಲ ಚಿತ್ರಕ್ಕೆ ಬೇಕಾದಷ್ಟೇ ಒಂದು ಗುಟುಕು ಕೊಡುತ್ತಾರೆ, ಮೊದಲಿನ ಹಾಗಲ್ಲ. ದಯವಿಟ್ಟು ಇಲ್ಲ ಅನ್ನಬೇಡ.

ಪರೀಕ್ಷೆ ಹತ್ತಿರ ಬಂತು, ಹುಡುಗರು ಆ ಪಾಠವನ್ನು ಇನ್ನೊಮ್ಮೆ ಹೇಳಿರಿ ಅಂದರು. ಹಲಗೆಯ ಮೇಲೆ ಅರ್ಧಾಯುವಿನ ಗೆರೆ ಎಳೆದೆ. ಒಬ್ಬ ಹುಡುಗ ಎದ್ದು ನಿಂತು, "ಸರ್, ಗೆರಿ ತಳಕ್ಕ ಮುಟ್ಟಬಾರದಲ್ರಿ?" ಅಂದ. ನೋಡಿದರೆ ಮುಟ್ಟಿಸಿಬಿಟ್ಟಿದ್ದೆ. ಅಳಿಸಲು ಕೈ ಏಳಲಿಲ್ಲ.

ಅಪ್ಪ


ಲಕ್ಷ್ಮೇಶ್ವರ
೮ ಮಾರ್ಚ್ ೧೯೭೯

ಅಪ್ಪಾ,

ನಾನು ಹೋಗುವುದಿಲ್ಲ. ನೀವು ಬರುವುದೂ ಬೇಡ.

ನಿಮ್ಮ ಕಾಗದದ ವಿಷಯ ಇವರು ಒಳಗೆ ಹೇಳಿದಾಗ ಅತ್ತೆಯವರು, "ಮತ್ತ ಅದನ್ನಽ ಕುಡಸ್ತಾರೇನು?" ಅಂತ ಕೇಳಿದರಂತೆ. ಅಷ್ಟೇ ಕೇಳಿದ್ದು. ಬೇಡ ಅನ್ನಲಿಲ್ಲ.

ಈಗ ನರಹರಿ ನಡೆಯುತ್ತಾನೆ. ಸಂಕ್ರಾಂತಿಯ ನಂತರ ಅತ್ತೆಯವರು ಅವನನ್ನು ನನ್ನ ಹೊಸ್ತಿಲ ತನಕ ಬಿಡುತ್ತಾರೆ, ತಾವು ಪಕ್ಕದಲ್ಲಿ ನಿಂತಿರುತ್ತಾರೆ. ಅವರು ಕರೆಯುವುದನ್ನು ಕೇಳಿ ನನ್ನನ್ನು ಇಮಲಾ ಅನ್ನುತ್ತಾನೆ. ಹೋದ ವಾರ ಅರ್ಧ ಕಡಿದ ಬಿಸ್ಕೀಟನ್ನು ಹೊಸ್ತಿಲ ಮೇಲೆ ಇಟ್ಟು, ತಿನ್ನು ಅಂತ ಕೈ ಮಾಡಿದ. ತಿಂದೆ. ಅತ್ತೆಯವರು ತಡೆಯಲಿಲ್ಲ. ಇನ್ನು ಸ್ವಲ್ಪ ದಿನ ಹೋದರೆ ಕೈಗೂ ಕೊಡುತ್ತಾರೆ ಅಂತ ನನಗೆ ಅನ್ನಿಸುತ್ತದೆ. ಈಗ ಆ ಗುಟುಕು ಕುಡಿದು ಬಂದರೆ ಎಲ್ಲವೂ ಮತ್ತೆ ಮೊದಲಿನಿಂದ.

ಕತ್ತಿನಲ್ಲಿ ಗಂಟು ಏನೂ ಇಲ್ಲ. ದಿನಾ ಮುಟ್ಟಿ ನೋಡಿಕೊಳ್ಳುತ್ತೇನೆ.

ವಿಮಲಾ


ಲಕ್ಷ್ಮೇಶ್ವರ
೧೭ ನವೆಂಬರ್ ೧೯೭೯

ಪೂಜ್ಯ ಮಾವನವರಿಗೆ ರಾಘವೇಂದ್ರನ ನಮಸ್ಕಾರಗಳು.

ದಸರೆಯಿಂದ ವಿಮಲಾಗೆ ಕೆಮ್ಮು ಇತ್ತು. ತಮಗೆ ತಿಳಿಸಬಾರದೆಂದು ಅವಳೇ ತಡೆದಳು. ಕೆಮ್ಮಿದಾಗ ರಕ್ತ ಕಂಡ ಮೇಲೆ ಹುಬ್ಬಳ್ಳಿಗೆ ಕರೆದುಕೊಂಡು ಹೋಗಿ ಎದೆಯ ಎಕ್ಸ್‌ರೇ ತೆಗೆಸಿದೆ. ಎರಡೂ ಶ್ವಾಸಕೋಶಗಳಲ್ಲಿ ಬಿಳಿಯ ದುಂಡು ಕಲೆಗಳಿವೆ. ಕತ್ತಿನ ರೋಗವೇ ಅಲ್ಲಿಗೆ ಇಳಿದಿದೆ, ತಡಮಾಡದೆ ಮುಂಬಯಿಗೆ ಹೋಗಿರಿ ಎಂದರು.

ಅವಳು ಬರಲು ಒಪ್ಪಿದ್ದಾಳೆ. ಹೊರಡುವ ಮುಂಚೆ ಕೂಸನ್ನು ಒಮ್ಮೆ ಎತ್ತಿಕೊಳ್ಳಬೇಕು ಎಂದಿದ್ದಾಳೆ. ಅವ್ವನ ಎದುರು ನಾನೇ ಹೋಗಿ ಕೇಳಿದೆ. ಅವ್ವ ಆಗಲಿ ಎಂದಳು.

ತಮ್ಮ
ರಾಘವೇಂದ್ರ


ಮುಂಬಯಿ
೫ ಡಿಸೆಂಬರ್ ೧೯೭೯

ಅಪ್ಪಾ,

ಚಿತ್ರ ತೆಗೆದರು. ಈ ಸಲ ಚುಕ್ಕೆಗಳು ಎದೆಯ ಎರಡೂ ಕಡೆ ತುಂಬಿವೆ, ಕಾಗದದಲ್ಲಿ ಬಿಳಿ ಜಾಗವೇ ಕಡಿಮೆ. ಡಾಕ್ಟರು ಅದನ್ನು ಇವರಿಗೆ ಇಂಗ್ಲಿಷಿನಲ್ಲಿ, ನನಗೆ ತಿಳಿಯದಿರಲಿ ಅಂತ, ತಗ್ಗಿದ ದನಿಯಲ್ಲಿ ವಿವರಿಸಿದರು. ಜನವರಿಯಲ್ಲೇ ಬಂದಿದ್ದರೆ ಎಂಬ ಮಾತೂ ಅದರಲ್ಲಿತ್ತು. ಇವರು ತಲೆ ತಗ್ಗಿಸಿ ನಿಂತಿದ್ದರು. ನಾಳೆ ಅದೇ ಔಷಧ ದೊಡ್ಡ ಪ್ರಮಾಣದಲ್ಲಿ ಕೊಡುತ್ತಾರೆ. ಅದರಿಂದ ಬಹಳ ಉಪಯೋಗವಾಗುವುದಿಲ್ಲ ಅಂತ ಡಾಕ್ಟರ ಮುಖ ನೋಡಿದರೆ ಗೊತ್ತಾಗುತ್ತದೆ. ಅವ್ವನಿಗೆ ನೀವೇ ಹೇಳಬೇಕು. ಹೇಗೆ ಹೇಳುತ್ತೀರೋ ನನಗೆ ತಿಳಿಯದು.

ಹೊರಟ ದಿನದ್ದನ್ನು ಬರೆಯುತ್ತೇನೆ.

ಅತ್ತೆಯವರು ಮುಂಜಾನೆಯೇ ನರಹರಿಗೆ ನೀರೆರೆದು, ಹೊಸ ಅಂಗಿ ತೊಡಿಸಿ, ತಾವೇ ಹೊರಕೋಣೆಯ ಒಳಗೆ ಬಂದು ನನ್ನ ಕೈಗೆ ಕೊಟ್ಟರು. ಎರಡು ವರ್ಷದ ಹುಡುಗನ ಭಾರ ಇಷ್ಟಿರುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಅವನು ನನ್ನ ಮುಖವನ್ನು ಹತ್ತಿರದಿಂದ ನೋಡಿದ. ಕತ್ತಿನ ಮೇಲಿನ ಹೊಲಿಗೆಯ ಗುರುತನ್ನು ನೋಡಿದ. ಆಮೇಲೆ ಎರಡೂ ಅಂಗೈಯಿಂದ ನನ್ನ ಎದೆಯನ್ನು ದೂಡುತ್ತ, ಅವ್ವಾ ಅಂತ ಅತ್ತೆಯವರ ಕಡೆ ಬಾಗಿ ಅಳತೊಡಗಿದ.

ಅತ್ತೆಯವರು ಕೈ ಚಾಚಲಿಲ್ಲ. "ಇಕಿನಽ ನಿಮ್ಮವ್ವ, ಅಪ್ಪೀ. ಅಳಬ್ಯಾಡ. ಇಕಿನಽ ನಿಮ್ಮವ್ವ" ಅಂದರು. ಅವರ ದನಿ ಕೇಳಿ ಅವನು ಇನ್ನೂ ಜೋರಾಗಿ ಅತ್ತ. ಅವರೂ ಅಳುತ್ತಿದ್ದರು. ನಾನು ಅವನ ಬೆನ್ನು ಸವರಿದೆ, ಹೆಸರು ಹಿಡಿದು ಕರೆದೆ. ಉಸಿರು ಸಿಕ್ಕಿಕೊಳ್ಳುವಂತೆ ಅಳುತ್ತಿದ್ದ. ಇನ್ನು ಹಿಡಿದುಕೊಂಡರೆ ನನಗಾಗಿ ಹಿಡಿದುಕೊಂಡ ಹಾಗೆ ಅನ್ನಿಸಿತು.

ಕೆಳಗಿಳಿಸುವಾಗ ಅವನ ಕೆನ್ನೆ ನನ್ನ ಕತ್ತಿಗೆ ತಾಗಿತು. ಸುಡುತ್ತಿತ್ತು.

"ಅತ್ತ್ಯಾ, ಇವಗ ಜ್ವರ ಬಂದಾವ ನೋಡ್ರಿ" ಅಂದೆ.

ಅವರು ಅವನ ಹಣೆಯ ಮೇಲೆ ಕೈಯಿಟ್ಟು ನೋಡಿದರು. "ಹೌದಲ್ಲ" ಅಂದರು.

ಇವರು ಹೊರಗಿನಿಂದ, ಬಸ್ಸು ಬಂತು ಅಂತ ಕೂಗಿದರು.

ವಿಮಲಾ